ಗೇರಿನ ಹಲ್ಲು ಹೋಗುತ್ತಿದೆಯೇ? ಮೊದಲು ಮೋಟಾರು ಅಲ್ಲಾಡಿಸಿ ನೋಡಿ

ಪ್ರಶ್ನೆ: ನನ್ನ 1/10 ಅಳತೆಯ ಎಲೆಕ್ಟ್ರಿಕ್ ಆರ್‌ಸಿ (ರಿಮೋಟ್) ಕಾರಿಗೆ ಬ್ರಶ್‌ಲೆಸ್ ಮೋಟಾರು ಹಾಕಿದೆ. ಆಮೇಲೆ ಸ್ಪರ್ ಗೇರಿನ (ಮೋಟಾರಿನ ಪುಟ್ಟ ಪಿನಿಯನ್ ಗೇರು ತಿರುಗಿಸುವ ದೊಡ್ಡ ಗೇರು) ಹಲ್ಲು ಉಳಿಯುತ್ತಲೇ ಇಲ್ಲ. ಎರಡು ಗೇರುಗಳ ನಡುವೆ ಪೇಪರ್ ಇಟ್ಟು ಗ್ಯಾಪ್ ಹೊಂದಿಸುತ್ತೇನೆ, ಸ್ಕ್ರೂಗಳೂ ಬಿಗಿಯಾಗಿವೆ. ಆದರೂ ಓಡಿಸಿ ಬಂದು ನೋಡಿದರೆ ಗ್ಯಾಪ್ ಜಾಸ್ತಿಯಾಗಿರುತ್ತದೆ. ಲೋಹದ ಸ್ಪರ್ ಹಾಕಿಬಿಡಲೇ ಸರ್?

ಉತ್ತರ: ಸದ್ಯಕ್ಕೆ ಬೇಡ. ಹೊಂದಿಸಿದ ಗ್ಯಾಪ್ ಓಡಿಸಿದ ಮೇಲೆ ಬದಲಾಗುತ್ತಿದೆ ಎಂದರೆ ಮೋಟಾರು ಜರುಗುತ್ತಿದೆ, ಅಲ್ವಾ? ಗೇರಿನ ತಪ್ಪಲ್ಲ.

ನನ್ನ ಅನುಮಾನ ನಿಮ್ಮ 'ಬಿಗಿ' ಸ್ಕ್ರೂಗಳ ಮೇಲೆ. 540 ಅಳತೆಯ ಮೋಟಾರಿಗೆ ಎಂ3 ಸ್ಕ್ರೂ ಬರುತ್ತದೆ. ಅದು ಉದ್ದವಾಗಿದ್ದರೆ ತುದಿ ಮೋಟಾರಿನ ಒಳಗೆ ತಾಗಿ ನಿಂತುಬಿಡುತ್ತದೆ, ಕೈಗೆ ಬಿಗಿಯಾಯಿತು ಅನ್ನಿಸುತ್ತದೆ, ಆದರೆ ಮೋಟಾರು ಕೂರುವ ಪ್ಲೇಟನ್ನು (ಮೌಂಟ್) ಅದು ಹಿಡಿದಿರುವುದೇ ಇಲ್ಲ. ಇನ್ನೂ ಕೆಟ್ಟದ್ದೆಂದರೆ ಆ ತುದಿ ಒಳಗಿನ ತಂತಿಗೆ ತಾಗಿ ಮೋಟಾರು ಶಾರ್ಟ್ ಆಗಬಹುದು, ಜೊತೆಗೆ ಇಎಸ್‌ಸಿಯೂ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಹೋಗಬಹುದು. ಮೋಟಾರು ಬಿಚ್ಚಿ, ಬರೀ ಪ್ಲೇಟಿಗೆ ಸ್ಕ್ರೂ ತೂರಿಸಿ ನೋಡಿ. ಆಚೆ 3–4 ಮಿ.ಮೀ. ಬಂದರೆ ಸಾಕು. ಜಾಸ್ತಿ ಇದ್ದರೆ ವಾಷರ್ ಹಾಕಿ, ಇಲ್ಲವೇ ಗಿಡ್ಡ ಸ್ಕ್ರೂ ತನ್ನಿ. ಎರಡೂ ಸ್ಕ್ರೂ ಇರಲೇಬೇಕು. ಒಂದೇ ಇದ್ದರೆ ಮೋಟಾರು ಅದರ ಸುತ್ತ ತಿರುಗುತ್ತದೆ.

ಮೌಂಟ್ ಪ್ಲಾಸ್ಟಿಕ್‌ನದ್ದಾದರೆ ಬಿಸಿಗೆ ಮೆದುವಾಗಿಯೂ ಜರುಗುತ್ತದೆ. ಅಲ್ಯೂಮಿನಿಯಂ ಮೌಂಟ್‌ಗೆ ಖರ್ಚು ಮಾಡಿ, ಲೋಹದ ಸ್ಪರ್‌ಗಲ್ಲ. ಲೋಹಕ್ಕೆ ಲೋಹ ಸೇರುವ ಕಡೆ ಎಣ್ಣೆ ಒರೆಸಿ ಒಂದು ಹನಿ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ. ಪ್ಲಾಸ್ಟಿಕ್‌ಗೆ ಮಾತ್ರ ತಾಗಿಸಬೇಡಿ, ಕೆಲವು ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತವೆ.

ಪಿನಿಯನ್ನಿನ ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ಸ್ಕ್ರೂ) ಶಾಫ್ಟಿನ ಚಪ್ಪಟೆ ಭಾಗದ ಮೇಲೇ ಕೂರಬೇಕು. ಹೊಸ ಪಿನಿಯನ್ ಕೊಂಡಿದ್ದರೆ ಅದರ ಪಿಚ್ (ಹಲ್ಲಿನ ಅಳತೆ) ಕೂಡ ನೋಡಿ: 48 ಪಿಚ್ ಮತ್ತು 0.6 ಮಾಡ್ಯೂಲ್ (ಹಲ್ಲಿನ ಅಳತೆಯ ಮೆಟ್ರಿಕ್ ಲೆಕ್ಕ) ಕಣ್ಣಿಗೆ ಒಂದೇ ಥರ ಕಾಣುತ್ತವೆ, ಆದರೆ 48 ಪಿಚ್ ಎಂದರೆ ಸುಮಾರು 0.53 ಮಾಡ್ಯೂಲ್, ಎರಡನ್ನೂ ಜೋಡಿಸಿದರೆ ಹಲ್ಲು ತಿಂದುಹಾಕುತ್ತವೆ.

ಇಷ್ಟಾದ ಮೇಲೆ ಪೇಪರ್. ಸ್ಪರ್ ಅನ್ನು ಒಂದು ಪೂರ್ತಿ ಸುತ್ತು ತಿರುಗಿಸಿ, ಅದು ಪಕ್ಕಾ ದುಂಡಗಿರುವುದು ಕಡಿಮೆ. ಎಲ್ಲಿ ಅತಿ ಬಿಗಿಯೋ ಅಲ್ಲಿಗೆ ಹೊಂದಿಸಿ, ಕೂದಲೆಳೆಯಷ್ಟು ಪ್ಲೇ (ಸಡಿಲ) ಉಳಿಯಲಿ. ಪ್ಲಾಸ್ಟಿಕ್ ಸ್ಪರ್ ಸವೆದರೆ ಅಷ್ಟಕ್ಕೇ ಮುಗಿಯುತ್ತದೆ. ಲೋಹದ್ದು ಹಾಕಿದರೆ ಏಟು ಸೀದಾ ಡಿಫರೆನ್ಷಿಯಲ್‌ಗೆ (ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳು) ಹೋಗುತ್ತದೆ. ಸ್ಲಿಪ್ಪರ್ ಕ್ಲಚ್ (ಏಟು ಬಿದ್ದಾಗ ಜಾರಿ ಗೇರು ಉಳಿಸುವ ಭಾಗ) ಇದ್ದರೆ ಅದನ್ನೂ ಪೂರ್ತಿ ಬಿಗಿ ಮಾಡಿಟ್ಟಿರಬೇಡಿ.

ಪ್ರಶ್ನೆ: ವೇಗಕ್ಕೆಂದು 20 ಹಲ್ಲಿನ ಪಿನಿಯನ್ ತೆಗೆದು 23 ಹಲ್ಲಿನದು ಹಾಕಿದೆ. ಸ್ಪರ್ 87 ಹಲ್ಲು. ಈಗ ಮೋಟಾರು ಮುಟ್ಟಲು ಆಗದಷ್ಟು ಬಿಸಿ. ಫ್ಯಾನ್ ಹಾಕಲೇ?

ಉತ್ತರ: ಫ್ಯಾನ್ ಆಮೇಲೆ. 87ನ್ನು 20ರಿಂದ ಭಾಗಿಸಿದರೆ 4.35, 23ರಿಂದ ಭಾಗಿಸಿದರೆ 3.78. ಗೇರ್‌ಬಾಕ್ಸಿನ ಒಳಗಿನ ಅನುಪಾತ 2.6 ಎಂದಿಟ್ಟುಕೊಳ್ಳಿ: ಚಕ್ರದ ಒಂದು ಸುತ್ತಿಗೆ ಮೋಟಾರು ಮೊದಲು 11.3 ಸುತ್ತು ತಿರುಗುತ್ತಿತ್ತು, ಈಗ ಬರೀ 9.8. ಅಂದರೆ ಅದೇ ಕಾರನ್ನು ಎಳೆಯಲು ಜಾಸ್ತಿ ಕರೆಂಟ್, ಜಾಸ್ತಿ ಬಿಸಿ. 20ಕ್ಕೆ ವಾಪಸ್ ಹೋಗಿ, ಬೇಕಿದ್ದರೆ ಒಂದೊಂದೇ ಹಲ್ಲು ಏರಿಸಿ. ಪ್ರತಿ ಸಲವೂ ಗ್ಯಾಪ್ ಹೊಸದಾಗಿ ಹೊಂದಿಸಬೇಕು, ಪಿನಿಯನ್ ದಪ್ಪವಾದರೆ ಮೋಟಾರು ಹಿಂದೆ ಸರಿಯಲೇಬೇಕಲ್ಲ.

20ಕ್ಕೂ ಬಿಸಿ ಇಳಿಯದಿದ್ದರೆ ಪಿನಿಯನ್ ದೂರ ಸರಿಸಿ ಕಾರನ್ನು ಕೈಯಲ್ಲಿ ತಳ್ಳಿ. ಸಲೀಸಾಗಿ ಉರುಳದಿದ್ದರೆ ಬೇರಿಂಗ್ ನೋಡಿ.