ನೆರಳಿನ ಒಗಟನ್ನು ಬಿಡಬೇಡಿ

ಕಾರವಾರದ ಗೆಳೆಯರೇ,

ನಿಮ್ಮ ಕಾಲೇಜಿನ ಖಗೋಳ ಕ್ಲಬ್ಬಿನ ಸಂಚಿಕೆಗೆಂದು ಬರೆದು ಕಳಿಸಿದ ಒಗಟುಗಳನ್ನೆಲ್ಲ ಓದಿದೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಹೆಚ್ಚಿನವು ಒಗಟುಗಳೇ ಅಲ್ಲ. ‘ಅತಿ ದೊಡ್ಡ ಗ್ರಹ ಯಾವುದು?’ ಎಂದು ಕೇಳಿದರೆ ಗೊತ್ತಿದ್ದವರು ಗುರು ಅಂತಾರೆ, ಗೊತ್ತಿಲ್ಲದವರು ಸುಮ್ನೆ ಕೂರುತ್ತಾರೆ. ತಲೆ ಓಡಿಸಲು ಅಲ್ಲಿ ಜಾಗವೇ ಇಲ್ಲ. ಬೆಂಕಿಕಡ್ಡಿ ಲೆಕ್ಕಗಳಿಗೆ ನಕ್ಷತ್ರದ ಹೆಸರಿಟ್ಟಿದ್ದೀರಿ. ಅವನ್ನು ಪೂರ್ತಿ ತೆಗೆಯಿರಿ.

ಒಂದರಲ್ಲಿ ಮೀನುಗಾರನೊಬ್ಬ ನಡುರಾತ್ರಿ ನೆತ್ತಿಯ ಮೇಲೆ ಶುಕ್ರನನ್ನು ನೋಡುತ್ತಾನೆ. ಇದು ಆಗದ ಮಾತು. ನಮ್ಮ ಕಣ್ಣಿಗೆ ಶುಕ್ರ ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ಆಚೆ ಹೋಗುವುದೇ ಇಲ್ಲ, ನಡುರಾತ್ರಿ ಸೂರ್ಯ ಇರುವುದೋ ನಮ್ಮ ಕಾಲ ಕೆಳಗಿನ ದಿಕ್ಕಿನಲ್ಲಿ. ಆದರೆ ಇದನ್ನು ಎಸೆಯಬೇಡಿ, ತಿರುಗಿಸಿ. ‘ಅವನ ಮಾತನ್ನು ಯಾಕೆ ನಂಬಬಾರದು?’ ಎಂದು ಕೇಳಿ.

ನನಗೆ ತುಂಬಾ ಹಿಡಿಸಿದ್ದು ನೆರಳಿನದು. ಟಾಗೋರ್ ಕಡಲತೀರದಲ್ಲಿ ನೆಟ್ಟ ಕೋಲಿನ ನೆರಳು ಮಧ್ಯಾಹ್ನ 12ಕ್ಕೆ ಸರಿಯಾಗಿ ದಕ್ಷಿಣಕ್ಕೆ ಬಿದ್ದಿದೆ, ದೆಹಲಿಯಲ್ಲಿ ಎಂದೂ ಹೀಗಾಗದು, ಕಾರವಾರದಲ್ಲಿ ಯಾವಾಗ, ಯಾಕೆ? ಎಷ್ಟು ಚೆಂದದ ಪ್ರಶ್ನೆ! ಕಾರವಾರ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ 23.4 ಡಿಗ್ರಿ ಉತ್ತರದವರೆಗೂ ನೆತ್ತಿಯ ಮೇಲೆ ಬರುತ್ತಾನೆ. ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲಲ್ಲಿ ಅವನು ನಿಮ್ಮ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ದೆಹಲಿ 28 ಡಿಗ್ರಿಯ ಆಚೆ ಇದೆ, ಸೂರ್ಯ ಅಲ್ಲಿಗೆ ತಲುಪುವುದೇ ಇಲ್ಲ.

ತೊಂದರೆ ಇರುವುದು ಆ ‘12ಕ್ಕೆ’ ಎಂಬಲ್ಲಿ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಕಾರವಾರ ಅದಕ್ಕಿಂತ ಪಶ್ಚಿಮಕ್ಕೆ, 74ರ ಹತ್ತಿರ, ಹಾಗಾಗಿ ಸೂರ್ಯ ಅಲ್ಲಿಗೆ ತಡವಾಗಿ ಬರುತ್ತಾನೆ. ಮೇ ತಿಂಗಳಲ್ಲಿ ಸೂರ್ಯ ನಡುವಿಗೆ ಬರುವುದು ಸುಮಾರು 12:30ಕ್ಕೆ. ಮಕ್ಕಳು ನಿಮ್ಮ ಮಾತು ನಂಬಿ 12ಕ್ಕೆ ಕೋಲು ನೆಟ್ಟರೆ ನೆರಳು ಪಶ್ಚಿಮಕ್ಕೆ ವಾಲಿರುತ್ತದೆ. ಆಗ ಒಗಟೇ ಸುಳ್ಳು ಅನಿಸುತ್ತದೆ, ಅಲ್ವಾ? ‘ನೆರಳು ಅತಿ ಚಿಕ್ಕದಾದಾಗ’ ಎಂದು ಬರೆಯಿರಿ, ಸಾಕು. ಗಡಿಯಾರ ಯಾಕೆ ಹಿಂದೆಮುಂದಾಯಿತು ಎಂಬುದನ್ನೇ ಇನ್ನೊಂದು ಒಗಟು ಮಾಡಬಹುದು.

‘ಸುಳಿವು: ಸೂರ್ಯ ಎಲ್ಲಿದ್ದಾನೆ ನೋಡಿ’ ಎಂಬ ಸಾಲು ಬೇಡ. ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಜೂನ್ ಬಂದರೆ ನಿಮ್ಮಲ್ಲಿ ಮಳೆ, ಬಿಸಿಲು ಸಿಗುವುದು ಕಷ್ಟ. ಹಾಗಾಗಿ ಇದು ಏಪ್ರಿಲ್ ಸಂಚಿಕೆಯಲ್ಲೇ ಬರಬೇಕು. ‘12ಕ್ಕೆ’ ಮತ್ತು ಸುಳಿವಿನ ಸಾಲು, ಈ ಎರಡನ್ನು ತಿದ್ದಿ ಮಾರ್ಚ್ ಮೊದಲ ವಾರದೊಳಗೆ ಕಳಿಸಿ. ಕೋಲು, ನೆರಳಿನ ಒಂದು ಚಿತ್ರವೂ ಇರಲಿ.