ಮರು: 1/2 + 1/3 ಯಾಕೆ 2/5 ಅಲ್ಲ?

ಆರನೇ ಕ್ಲಾಸಿನ ಮಗಳು ಮೇಲಿನದನ್ನೂ ಕೆಳಗಿನದನ್ನೂ ಕೂಡಿಸಿ 2/5 ಬರೀತಾಳೆ, ಹೇಗೆ ತಿದ್ದಲಿ ಅಂತ ಕೇಳಿದ್ದೀರಿ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದ್ರೆ ಕೆಳಗಿನ ಎರಡೂ ಸಂಖ್ಯೆಗಳಿಂದ ಭಾಗವಾಗೋ ಅತಿ ಚಿಕ್ಕ ಸಂಖ್ಯೆ) ಸದ್ಯಕ್ಕೆ ಪಕ್ಕಕ್ಕಿಡಿ ಮೇಡಂ. ಮೊದಲು ಒಂದೇ ಪ್ರಶ್ನೆ ಕೇಳಿ: "2/5 ಅರ್ಧಕ್ಕಿಂತ ದೊಡ್ಡದಾ, ಚಿಕ್ಕದಾ?" ಚಿಕ್ಕದು. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಮ್ಮಿ ಹೇಗಾಗುತ್ತೆ? ಉತ್ತರ ತಪ್ಪು ಅಂತ ಅವಳೇ ಹೇಳ್ತಾಳೆ.

ಆಮೇಲೆ ಕಡ್ಲೆಕಾಯಿ ಚಿಕ್ಕಿ ತಂದು ಆರು ಸಮಭಾಗ ಮಾಡಿ. ಅರ್ಧ ಅಂದ್ರೆ 3 ತುಂಡು, ಮೂರನೇ ಒಂದು ಭಾಗ ಅಂದ್ರೆ 2 ತುಂಡು. ಒಟ್ಟು 5, ಅಂದ್ರೆ 5/6. ಛೇದ, ಅಂದ್ರೆ ಕೆಳಗಿನ ಸಂಖ್ಯೆ, ತುಂಡಿನ ಅಳತೆ. ಅಳತೆ ಒಂದೇ ಆದ ಮೇಲೆ ತುಂಡು ಎಣಿಸೋದಷ್ಟೇ ಕೆಲಸ. ಅದಕ್ಕೇ ಛೇದ ಕೂಡಿಸಲ್ಲ. ಕಳೆಯೋದೂ ಹೀಗೇ. (ಚಿಕ್ಕಿ ಲೆಕ್ಕ ಮುಗಿಯೋವರೆಗೂ ಉಳಿಯುತ್ತೆ ಅನ್ನೋ ಗ್ಯಾರಂಟಿ ನಾನು ಕೊಡಲ್ಲ.)

ಗುಣಾಕಾರ ಸುಲಭ, ಅರ್ಧದಲ್ಲಿ ಮೂರನೇ ಒಂದು ಪಾಲು ಅಂದ್ರೆ ಒಂದೇ ತುಂಡು, 1/6.

ಭಾಗಾಕಾರದಲ್ಲಿ "ತಿರುಗಿಸಿ ಗುಣಿಸು" ಅಂತ ಬಾಯಿಪಾಠ ಮಾಡಿಸಬೇಡಿ. ನಮ್ಮಜ್ಜಿ ಮನೆಯ ಅಳತೆ ನೆನಪಿದೆಯಾ? ಸೇರಿಗೆ ನಾಲ್ಕು ಪಾವು, ಅರೆಪಾವು ಅಂದ್ರೆ 1/8 ಸೇರು. ಮುಕ್ಕಾಲು ಸೇರು ಅಕ್ಕಿಯನ್ನು ಅರೆಪಾವಿನಲ್ಲಿ ಅಳೆದರೆ ಎಷ್ಟು ಸಲ? ಒಂದು ಸೇರಿಗೆ 8 ಸಲ, ಮುಕ್ಕಾಲಿಗೆ ಅದರ ಮುಕ್ಕಾಲು, 6. ಅಂದ್ರೆ 3/4 ÷ 1/8 ಅನ್ನೋದು 3/4 × 8. ತಿರುಗಿಸಿದ್ದು ಎಲ್ಲಿಂದ ಬಂತು ಅಂತ ಅಲ್ಲೇ ಕಾಣುತ್ತೆ. ಪಾವು ಸಿಗದಿದ್ದರೆ ಕಾಫಿ ಲೋಟ ಸಾಕು.