ಒಂದೇ ಹಾಲ್‌ನಲ್ಲಿ ಉದ್ವೇಗ ಕಟ್ಟುವ ಬಗೆ: ಕುರೊಸಾವಾರ ‘ಹೈ ಅಂಡ್ ಲೋ’ ನೋಡಿ

ಅಪಹರಣದ ಕಥೆಯ ಕಿರುಚಿತ್ರವನ್ನು ಮನೆಯ ಹಾಲ್‌ನಲ್ಲೇ ಚಿತ್ರೀಕರಿಸಿದ್ದೀರಿ. ಅಪಹರಣಕಾರನ ಫೋನ್ ಬರುವ ದೃಶ್ಯವೇ ಸಪ್ಪೆಯಾಗಿದೆ, ಗಿಂಬಲ್ (ಓಡಾಡುವಾಗಲೂ ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಬಾಡಿಗೆಗೆ ತಂದು ಕ್ಯಾಮೆರಾವನ್ನು ಪಾತ್ರಗಳ ಸುತ್ತ ತಿರುಗಿಸಿ, ಮೇಲೆ ಸಂಗೀತ ಹಾಕಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ದಯವಿಟ್ಟು ಆ ಹಣ ಉಳಿಸಿಕೊಳ್ಳಿ. ಅದಕ್ಕೂ ಮೊದಲು ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ 1963ರಲ್ಲಿ ತೆಗೆದ ‘ಹೈ ಅಂಡ್ ಲೋ’ ಚಿತ್ರದ ಮೊದಲ ಒಂದು ಗಂಟೆಯನ್ನಾದರೂ ನೋಡಿ. ಅದು ಬಹುಪಾಲು ನಡೆಯುವುದು ಯೊಕೊಹಾಮಾದ ಗುಡ್ಡದ ಮೇಲಿನ ಮನೆಯೊಂದರ ಹಾಲ್‌ನಲ್ಲೇ.

ಕಥೆ ಇಷ್ಟು. ಗೊಂಡೋ ಶೂ ಕಂಪನಿಯ ಅಧಿಕಾರಿ. ಕಂಪನಿಯನ್ನು ತನ್ನ ಹಿಡಿತಕ್ಕೆ ತಂದುಕೊಳ್ಳಲು ಮನೆಮಠವನ್ನೆಲ್ಲ ಅಡವಿಟ್ಟು ಹಣ ಹೊಂದಿಸಿದ್ದಾನೆ. ಆ ಹೊತ್ತಿಗೆ ಮಗನನ್ನು ಅಪಹರಿಸಿದ್ದೇವೆ ಎಂದು ಫೋನ್ ಬರುತ್ತದೆ. ಕೇಳಿದ್ದು 3 ಕೋಟಿ ಯೆನ್. ಆಮೇಲೆ ತಿಳಿಯುತ್ತದೆ: ಅಪಹರಣಕಾರ ಎತ್ತಿಕೊಂಡು ಹೋಗಿರುವುದು ಕಾರು ಚಾಲಕನ ಮಗನನ್ನು. ಹಣ ಕೊಟ್ಟರೆ ಗೊಂಡೋ ಬೀದಿಗೆ ಬೀಳುತ್ತಾನೆ, ಕೊಡದಿದ್ದರೆ ಬೇರೆಯವರ ಮಗು ಸಾಯುತ್ತದೆ.

ಇದರಿಂದ ಕಲಿಯುವುದು ಮೂರು. ಮೊದಲು, ಚಾಲಕ ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ಗಮನಿಸಿ. ಅತಿ ಅಗಲವಾದ ಚೌಕಟ್ಟು ಅದು. ಗೊಂಡೋ, ಹೆಂಡತಿ, ಕಾರ್ಯದರ್ಶಿ, ಪೊಲೀಸರು ಎಲ್ಲರೂ ಒಂದೇ ಶಾಟ್‌ನಲ್ಲಿ ಇರುತ್ತಾರೆ. ಅವರ ನಡುವೆ ಚಾಲಕ ಅಂಚಿಗೆ ಸರಿದು ತಲೆ ತಗ್ಗಿಸಿ ನಿಂತಿರುತ್ತಾನೆ. ಹೋಗಿರುವುದು ಅವನ ಮಗು, ಆದರೆ ಆ ಕೋಣೆಯಲ್ಲಿ ಬಾಯಿಬಿಟ್ಟು ಕೇಳುವ ಹಕ್ಕು ಅವನಿಗಿಲ್ಲ. ಗೊಂಡೋ ಹಣದ ಮಾತಾಡುವಾಗ ನಮ್ಮ ಕಣ್ಣು ತಾನಾಗಿಯೇ ಆ ಮೂಲೆಗೆ ಹೋಗುತ್ತದೆ. ನಿರ್ದೇಶಕರು ಅಲ್ಲಿ ಚಾಲಕನ ಮುಖಕ್ಕೆ ಕ್ಲೋಸಪ್ ಹಾಕಿದ್ದರೆ, ಎಲ್ಲಿ ನೋಡಬೇಕು ಎಂಬ ನಿರ್ಧಾರ ನಮ್ಮ ಕೈತಪ್ಪಿ ಹೋಗುತ್ತಿತ್ತು. ಯಾರ ಬೆನ್ನು ಯಾರ ಕಡೆಗಿದೆ, ಯಾರು ಯಾರ ಮುಖ ನೋಡಲಾರರು ಎಂಬುದರಿಂದಲೇ ಎದೆಬಡಿತ ಏರುತ್ತದೆ. ನನ್ನ ಪಾಲಿಗೆ ಇಡೀ ಚಿತ್ರದ ಜೀವಾಳ ಇದು.

ಎರಡನೆಯದು ಕಿಟಕಿಯ ಪರದೆ. ಕೆಳಗಿನ ಊರಿನಿಂದ ಅಪಹರಣಕಾರ ಈ ಮನೆಯನ್ನೇ ನೋಡುತ್ತಿದ್ದಾನೆ. ಹಾಗಾಗಿ ಪರದೆ ತೆರೆದಾಗ ಪೊಲೀಸರು ನೆಲಕ್ಕೆ ಅಂಟಿಕೊಳ್ಳಬೇಕು. ಸಾಮಾನ್ಯ ಪರದೆಯೊಂದು ಕೋಣೆಯನ್ನು ಸುರಕ್ಷಿತ ಜಾಗ, ಅಪಾಯದ ಜಾಗ ಎಂದು ಎರಡು ಭಾಗ ಮಾಡಿಬಿಡುತ್ತದೆ. ನಿಮ್ಮ ಹಾಲ್‌ನಲ್ಲೂ ಕಿಟಕಿ ಇದೆಯಲ್ಲ, ಅದನ್ನು ಬೆಳಕಿಗೆ ಮಾತ್ರ ಬಳಸಿದ್ದೀರಿ.

ಮೂರನೆಯದನ್ನು ಕಲಿಯಲು ರೈಲಿನ ದೃಶ್ಯದವರೆಗೆ ನೋಡಬೇಕು. ಅಷ್ಟು ಹೊತ್ತು ಕೋಣೆಯಲ್ಲಿ ಕಟ್ಟಿಹಾಕಿದ ಕ್ಯಾಮೆರಾ, ಒಂದೇ ಕಟ್‌ನಲ್ಲಿ ಓಡುವ ಕೊಡಾಮಾ ಎಕ್ಸ್‌ಪ್ರೆಸ್ ಒಳಗಿರುತ್ತದೆ. ಅಪಹರಣಕಾರ ಹೇಳಿದಂತೆ ಗೊಂಡೋ ಹಣದ ಚೀಲಗಳನ್ನು 7 ಸೆಂಟಿಮೀಟರ್ ಮಾತ್ರ ತೆರೆಯುವ ಶೌಚಾಲಯದ ಕಿಟಕಿಯಿಂದ ಹೊರಗೆಸೆಯಬೇಕು. ನಿಜವಾದ ರೈಲಿನಲ್ಲೇ ಹಲವು ಕ್ಯಾಮೆರಾ ಇಟ್ಟು ತೆಗೆದ ದೃಶ್ಯವದು. ಮೊದಲ ಒಂದು ಗಂಟೆ ಕ್ಯಾಮೆರಾ ಅಲ್ಲಿ ಇಲ್ಲಿ ಓಡಾಡಿದ್ದರೆ ಈ ಓಟಕ್ಕೆ ಅರ್ಧದಷ್ಟು ಬಲವೂ ಇರುತ್ತಿರಲಿಲ್ಲ. ಗಿಂಬಲ್ ಬೇಡ ಎಂದದ್ದು ಇದಕ್ಕೇ. (ಕಪ್ಪುಬಿಳುಪಿನ ಈ ಚಿತ್ರದಲ್ಲಿ ಮುಂದೆ ಒಂದೇ ಒಂದು ಕಡೆ ಗುಲಾಬಿ ಬಣ್ಣದ ಹೊಗೆ ಏಳುತ್ತದೆ. ಅದು ಯಾಕೆಂದು ಹೇಳುವುದಿಲ್ಲ, ನೀವೇ ನೋಡಬೇಕು.)

ನಿಮ್ಮ ದೃಶ್ಯಕ್ಕೆ ಬರುತ್ತೇನೆ. ಈಗ ತಂದೆ ಫೋನ್ ಎತ್ತಿದ ಕೂಡಲೇ ಅವನ ಮುಖಕ್ಕೆ ಹತ್ತಿರ ಹೋಗಿದ್ದೀರಿ, ತಾಯಿ, ತಮ್ಮ ಇಬ್ಬರೂ ಚೌಕಟ್ಟಿನಿಂದ ಹೊರಗುಳಿದಿದ್ದಾರೆ. ಮೊಬೈಲನ್ನು ಟ್ರೈಪಾಡ್ ಮೇಲಿಟ್ಟು ಹಿಂದಿನ ಗೋಡೆಯವರೆಗೆ ಸರಿಸಿ. ನಿಮ್ಮದರಲ್ಲಿ ಟೆಲಿಫೋಟೋ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್) ಇದ್ದರೆ ಅದನ್ನೇ ಬಳಸಿ. ದೂರದಿಂದ ತೆಗೆದಾಗ ಹಿಂದೆ ಮುಂದೆ ನಿಂತವರು ಒತ್ತಟ್ಟಿಗೆ ಬಂದಂತೆ ಕಾಣುತ್ತಾರೆ, ಕೋಣೆ ಇಕ್ಕಟ್ಟಾಗುತ್ತದೆ. ಅಷ್ಟು ಜಾಗ ಸಿಗದಿದ್ದರೆ ಬಾಗಿಲಾಚೆಯ ಪಡಸಾಲೆಯಿಂದ ಒಳಗೆ ನೋಡಿ ತೆಗೆಯಿರಿ. ತಂದೆಯನ್ನು ಕಿಟಕಿಗೆ ಮುಖ ಮಾಡಿ, ಅಂದರೆ ನಮಗೆ ಬೆನ್ನು ಕೊಟ್ಟು ನಿಲ್ಲಿಸಿ. ತಾಯಿ ನಡುವೆ, ಮುಖ ನಮ್ಮ ಕಡೆಗೆ. ಹಣ ಕದ್ದ ತಮ್ಮ ಬಾಗಿಲ ಹತ್ತಿರ, ಅಂಚಿನಲ್ಲಿ. ಕಥೆಯ ಗುಟ್ಟು ಗೊತ್ತಿರುವವನು ಅವನೊಬ್ಬನೇ ಆದ್ದರಿಂದ ಅವನು ಅಲುಗಾಡದಿರಲಿ.

ಕುರೊಸಾವಾ ಹಲವು ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸಿ ನಟರಿಗೆ ದೀರ್ಘವಾಗಿ ಅಭಿನಯಿಸಲು ಬಿಡುತ್ತಿದ್ದರು. ನಿಮ್ಮ ತಂಡದಲ್ಲಿ ಇನ್ನೊಂದು ಮೊಬೈಲ್ ಇದ್ದೇ ಇರುತ್ತದೆ. ಅದನ್ನು ಪಕ್ಕದಿಂದ ತಾಯಿಯ ಮುಖಕ್ಕೆ ಇಡಿ. ಇಡೀ ಫೋನ್ ಕರೆಯನ್ನು ನಿಲ್ಲಿಸದೆ ಒಂದೇ ಸಲಕ್ಕೆ ತೆಗೆಯಿರಿ. ಅಪಹರಣಕಾರನ ಮಾತನ್ನು ಪಕ್ಕದ ಕೋಣೆಯಿಂದ ಯಾರಾದರೂ ನಿಜವಾಗಿಯೂ ಫೋನ್ ಮಾಡಿ ಹೇಳಲಿ. ನಟನಿಗೆ ಕೇಳಿಸಿಕೊಳ್ಳುವ ಕೆಲಸ ಸಿಕ್ಕಾಗ ಮುಖಭಾವ ತಾನಾಗಿಯೇ ಬರುತ್ತದೆ. ಕ್ಲೋಸಪ್ ಒಂದೇ ಒಂದು ಇರಲಿ, ಅದೂ ಕರೆ ಕಡಿದುಹೋದ ಮೇಲೆ.

ಸಂಗೀತವನ್ನು ಸದ್ಯಕ್ಕೆ ಮರೆಯಿರಿ. ಫ್ಯಾನ್ ಆರಿಸಿ ಮಾತುಗಳನ್ನು ಸ್ಪಷ್ಟವಾಗಿ ಧ್ವನಿಮುದ್ರಿಸಿ, ಫ್ಯಾನ್ ಸದ್ದನ್ನು ಬೇರೆಯಾಗಿ ಮುದ್ರಿಸಿ ಸಂಕಲನದಲ್ಲಿ ಸೇರಿಸಿ. ಬೆದರಿಕೆಯ ಮಾತು ಬಂದಾಗ ಅದನ್ನೂ ಕಡಿದುಬಿಡಿ. ಹೊಸ ಕಟ್ ಸಿದ್ಧವಾದ ಮೇಲೆ ಹಳೆಯದರ ಜೊತೆಗೇ ಇಲ್ಲಿ ಹಾಕಿ, ಎರಡನ್ನೂ ಒಟ್ಟಿಗೆ ನೋಡಿ ಮುಂದಿನ ಮಾತಾಡೋಣ.